ಹೆಜ್ಜೆಗೆ ಕೊಯ್ದ ಗೊಟ್ಟ

ಕೋಲಾರ ಸೀಮೆಯಲ್ಲಿ ಬಾಕ್ಸ್ ಅಂದರೆ ಟೊಮ್ಯಾಟೊ ಬಾಕ್ಸೇ. ಲೋಕದಲ್ಲಿ ಬೇರೆ ಬಾಕ್ಸೂ ಇರಬಹುದೆಂಬ ಅನುಮಾನ ಇಲ್ಲಿಯವರಿಗಿಲ್ಲ. ಹೀಗಾಗಿ ವೇಮಗಲ್ಲಿನ ಆಂಜಿನಪ್ಪ ಮದುವೆ ಊಟಕ್ಕೆ ಹೊಸಬರ ಪಕ್ಕ ಕೂತು, ತಾನು ಬಾಕ್ಸ್ ಮಾಡುತ್ತೇನೆ ಎಂದು ಹೇಳಿಕೊಂಡರೆ, ಅವರು ಯಾವ ಮಂಡಿಗೆ ಎಂದು ಕೇಳುತ್ತಿದ್ದರು. ವಿವರಿಸಿ ವಿವರಿಸಿ ಅವನಿಗೂ ಸಾಕಾಗಿತ್ತು. ಕೊನೆಗೆ ಊರವರೇ ಸೌಂಡ್ ಬಾಕ್ಸ್ ಆಂಜಿನಪ್ಪ ಎಂದು ಕರೆಯತೊಡಗಿ ಆ ತಾಪತ್ರಯ ತಪ್ಪಿಸಿದರು.

ಅವನು ಮಾಡುತ್ತಿದ್ದದ್ದು ಸಬ್‌ವೂಫರ್ ಬಾಕ್ಸು. ಹಾಡು ಹಾಕಿದಾಗ ಎದೆಗೆ ಗುದ್ದುವ ದಪ್ಪ ಸದ್ದು ಬರುತ್ತದಲ್ಲ, ಅದಕ್ಕೆಂದೇ ಕಟ್ಟುವ ಮರದ ಪೆಟ್ಟಿಗೆ. ಟೊಮ್ಯಾಟೊ ಗಾಡಿಯ ಡ್ರೈವರುಗಳು, ಟ್ರ್ಯಾಕ್ಟರ್ ಇಟ್ಟವರು, ಗಣೇಶ ಕೂರಿಸುವ ಸಂಘದವರು, ಮುಳಬಾಗಿಲು ಶ್ರೀನಿವಾಸಪುರದ ಕಡೆಯಿಂದಲೂ ಹುಡುಕಿಕೊಂಡು ಬರುತ್ತಿದ್ದರು. ಮನೆ ಮುಂದಿನ ಶೀಟಿನ ಶೆಡ್ಡೇ ಅಂಗಡಿ. ಬೋರ್ಡು ಹಾಕಿರಲಿಲ್ಲ. ಒಳಗಿನಿಂದ ಕಿಟಕಿ ಅದುರುವ ಮನೆ ಯಾವುದೋ ಅದೇ ಅವನದು ಎಂದು ದಾರಿಯಲ್ಲಿ ಯಾರು ಬೇಕಾದರೂ ಹೇಳುತ್ತಿದ್ದರು.

ಆ ಪೆಟ್ಟಿಗೆಗೆ ಸ್ಪೀಕರಿನ ತೂತಲ್ಲದೆ ಇನ್ನೊಂದು ತೂತಿರುತ್ತದೆ, ಅದರೊಳಗೆ ಪಿವಿಸಿ ಪೈಪಿನ ತುಂಡೊಂದು. ಪೆಟ್ಟಿಗೆಯೊಳಗಿನ ಗಾಳಿ ಆ ದಾರಿಯಲ್ಲಿ ಹೊರಗೆ ಬಂದು ಒಳಗೆ ಹೋಗಿ ದಪ್ಪ ಸದ್ದನ್ನು ಇನ್ನಷ್ಟು ದಪ್ಪ ಮಾಡುತ್ತದೆ. ಓದಿದವರು ಅದನ್ನು ಪೋರ್ಟ್ ಅನ್ನುತ್ತಾರೆ. ಆಂಜಿನಪ್ಪನ ಮನೆಮಾತಿನಲ್ಲಿ ಅರ್ಧ ತೆಲುಗು, ಅವನು ಗೊಟ್ಟ ಅನ್ನುತ್ತಿದ್ದ. ಪೆಟ್ಟಿಗೆಯನ್ನು ಯಾವ ಬಡಗಿ ಬೇಕಾದರೂ ಮಾಡಿಯಾನು, ಗೊಟ್ಟ ಕೂರಿಸುವುದರಲ್ಲೇ ಇರುವುದು ಕೆಲಸವೆಲ್ಲ ಎಂಬುದು ಅವನ ವಾದ. ಗೊಟ್ಟ ಉದ್ದವಾದಷ್ಟೂ ಸದ್ದು ಕೆಳಕ್ಕಿಳಿಯುತ್ತದೆ, ಗಿಡ್ಡವಾದಷ್ಟೂ ಮೇಲಕ್ಕೇರುತ್ತದೆ. ಆದ್ದರಿಂದ ಮೊದಲು ಬೇಕಾದ್ದಕ್ಕಿಂತ ಉದ್ದವಾಗಿಯೇ ಇಟ್ಟು, ಆಮೇಲೆ ಉಗುರಗಲ, ಉಗುರಗಲವೇ ಕೊಯ್ಯುತ್ತಾ ಬರಬೇಕು. ಅವಸರಪಟ್ಟು ಜಾಸ್ತಿ ಕೊಯ್ದವನು ಹೊಸ ಪೈಪು ತರಬೇಕಾಗುತ್ತದೆ.

ಎಲ್ಲಿಗೆ ನಿಲ್ಲಿಸಬೇಕೆಂದು ಅವನಿಗೆ ಹೇಳುತ್ತಿದ್ದದ್ದು ರಾಗಿ. ಪೆಟ್ಟಿಗೆಯನ್ನು ಅಂಗಾತ ಮಲಗಿಸಿ, ಸ್ಪೀಕರಿನ ಕಪ್ಪು ಬಟ್ಟಲಿಗೆ ಒಂದು ಚಿಟಿಕೆ ರಾಗಿ ಉದುರಿಸಿ, ಮೊಬೈಲಿನಿಂದ ಒಂದೇ ಸಮನೆ ಗುಂಯ್‌ಗುಡುವ ಸದ್ದು ಹಾಕಿ ಅದನ್ನು ನಿಧಾನಕ್ಕೆ ಏರಿಸುತ್ತಾ ಹೋಗುವನು. ಕಾಳು ಬಾಣಲೆಯಲ್ಲಿ ಹುರಿದಂತೆ ಕುಣಿಯುತ್ತವೆ. ಏರಿಸುತ್ತಾ ಒಂದು ಕಡೆ ಬಂದಾಗ ಗಪ್ಪನೆ ನಿಂತುಬಿಡುತ್ತವೆ. ಸದ್ದು ಮಾತ್ರ ನಿಂತಿರುವುದಿಲ್ಲ, ಹೆಚ್ಚೇ ಆಗಿರುತ್ತದೆ. ಆಗ ಕೂಗುತ್ತಿರುವುದು ಸ್ಪೀಕರಲ್ಲ, ಗೊಟ್ಟ. ಬಟ್ಟಲು ಸುಮ್ಮನಾದ ಕಡೆ ಗೊಟ್ಟ ಮಾತಾಡುತ್ತದೆ ಎಂದು ಅವನು ಬಂದವರಿಗೆಲ್ಲ ತೋರಿಸುತ್ತಿದ್ದ. ಬಂದವರಿಗೆ ಅರ್ಥವಾಗುತ್ತಿರಲಿಲ್ಲ, ತಲೆಯಾಡಿಸುತ್ತಿದ್ದರು. ಹುತ್ತೂರಿನ ಚನ್ನರಾಯಪ್ಪ ಎಂಬಾತ ತಲೆಯಾಡಿಸಿ ಬಾಕ್ಸ್ ತೆಗೆದುಕೊಂಡು ಹೋದವನು ಮೂರೇ ದಿನಕ್ಕೆ ಬಂದು, ಇದಕ್ಕೆ ಶೀತ ಆಗಿದೆ, ಗೊರಗೊರ ಅನ್ನುತ್ತದೆ ಎಂದು ಜಗಳ ತೆಗೆದ. ಹೋಗಿ ನೋಡಿದರೆ ಗೊಟ್ಟದ ಬಾಯನ್ನು ಗೋಡೆಗೆ ಒತ್ತಿ ಇಟ್ಟಿದ್ದ. ನಿನ್ನ ಮೂಗನ್ನೂ ಹಿಂಗೇ ಗೋಡೆಗೆ ಒತ್ತಿದರೆ ಉಸಿರಾಡುತ್ತೀಯೇನಯ್ಯಾ ಎಂದು ಬೈದು, ಪೆಟ್ಟಿಗೆಯನ್ನು ಒಂದು ಗೇಣು ಮುಂದಕ್ಕೆ ಎಳೆದು ಬಂದ. ಶೀತ ಅಲ್ಲೇ ವಾಸಿಯಾಯಿತು.

ಇಷ್ಟು ಸದ್ದು ಮಾಡುವವನ ಮನೆಯಲ್ಲಿ ಹೆಂಡತಿಗೆ ಕಿವಿ ಕೇಳುತ್ತಿರಲಿಲ್ಲ. ಗಂಡನ ಬಾಕ್ಸಿನಿಂದಲೇ ಹೋಯಿತು ಎಂದು ಊರವರು ನಗುತ್ತಿದ್ದರು. ನಗುವವರಿಗೇನು, ಯಾವುದಕ್ಕಾದರೂ ನಗುತ್ತಾರೆ. ಗಂಗರತ್ನಮ್ಮ ಹದಿಮೂರು ವರ್ಷ ತಗಡು ಒತ್ತುವ ಕಾರ್ಖಾನೆಯೊಂದರಲ್ಲಿ ಪ್ರೆಸ್ ಮೆಷಿನ್ನಿನ ಮುಂದೆ ನಿಂತವಳು. ಕಿವಿ ಒಂದೇ ದಿನಕ್ಕೆ ಹೋಗಲಿಲ್ಲ. ಮೊದಲು ಕುಕ್ಕರಿನ ಸೀಟಿ ಹೋಯಿತು, ಆಮೇಲೆ ಗುಬ್ಬಚ್ಚಿ ಹೋಯಿತು, ಆಮೇಲೆ ಹೆಂಗಸರ ಮಾತು. ಕೋಲಾರದ ಡಾಕ್ಟರು ಪರೀಕ್ಷೆ ಮಾಡಿ, ತೆಳ್ಳಗಿನ ಸದ್ದು ಹೋಗಿದೆ, ದಪ್ಪ ಸದ್ದು ಇನ್ನೂ ಉಳಿದಿದೆ ಎಂದರು. ಕಿವಿಗಿಡುವ ಮೆಷಿನ್ ತಂದುಕೊಟ್ಟರೆ, ಅದು ತಗಡು ಕೆರೆದಂತೆ ಕರಕರ ಅನ್ನುತ್ತದೆಂದು ಎರಡೇ ವಾರಕ್ಕೆ ಡಬ್ಬಿಗೆ ಹಾಕಿಟ್ಟಳು. ಆಂಜಿನಪ್ಪನ ಗಂಟಲು ದಪ್ಪ. ಅವನು ಒತ್ತಿ ಹೇಳಿದ್ದು ಅವಳಿಗೆ ತಲುಪುತ್ತಿತ್ತು. ತಲುಪದೆ ಹೋದದ್ದು ಮಗಳ ದನಿ.

ಚಂದನ ಒಬ್ಬಳೇ ಮಗಳು. ಅವಳದು ಎಳೆ ದನಿ, ಎಷ್ಟು ಕೂಗಿದರೂ ತೆಳ್ಳಗಾಗುತ್ತಿತ್ತೇ ಹೊರತು ದಪ್ಪವಾಗುತ್ತಿರಲಿಲ್ಲ. ತಾಯಿಗೆ ಏನಾದರೂ ಹೇಳಬೇಕಾದರೆ ಭುಜ ಮುಟ್ಟಿ, ಮುಖ ತಿರುಗಿಸಿ, ತುಟಿ ಅಗಲ ಮಾಡಿ ಹೇಳಬೇಕು. ಅದು ಸಾಕಾದಾಗ ಅಮ್ಮಂಗೆ ಹೇಳಪ್ಪ ಎನ್ನುವಳು. ಆಂಜಿನಪ್ಪ ಶೆಡ್ಡಿನಿಂದಲೇ ಅದನ್ನು ದೊಡ್ಡ ಗಂಟಲಲ್ಲಿ ಒಳಗೆ ದಾಟಿಸುವನು. ಪರೀಕ್ಷೆ, ಫೀಸು, ಚಪ್ಪಲಿ, ಹೊಸ ಬ್ಯಾಗು, ಎಲ್ಲವೂ ಹೀಗೆ ಅಪ್ಪನ ಬಾಯಿಂದಲೇ ತಾಯಿಗೆ ತಲುಪುತ್ತಿದ್ದವು. ಅಪ್ಪನ ಮುಂದೆ ಹೇಳಲು ನಾಚಿಕೆಯಾಗುವ ಸಂಗತಿಗಳನ್ನು ಮಾತ್ರ ಹುಡುಗಿ ಅಡುಗೆಮನೆಗೇ ಹೋಗಿ ಹೇಳಿಕೊಳ್ಳುತ್ತಿದ್ದಳು. ಗಂಗರತ್ನಮ್ಮ ಒಲೆಯ ಕಡೆಗೇ ಮುಖ ಮಾಡಿಕೊಂಡು ಹೂಂ ಎನ್ನುತ್ತಿದ್ದಳು.

ಮೂರು ವರ್ಷದ ಹಿಂದೆ, ಸಂಕ್ರಾಂತಿ ಕಳೆದ ಮಾರನೆಯ ದಿನ, ಆಂಜಿನಪ್ಪ ಒಂದು ಬಾಕ್ಸನ್ನು ಮೊಪೆಡ್ಡಿಗೆ ಕಟ್ಟಿ, ಅದು ಅಲುಗಾಡದಂತೆ ಹಿಡಿದುಕೊಳ್ಳಲು ಮಗಳನ್ನು ಹಿಂದೆ ಕೂರಿಸಿಕೊಂಡು ಹೊರಟ. ರೋಡ್ ಹಂಪಿನ ಹತ್ತಿರ ಗಾಡಿ ಜಾರಿತು. ಇಬ್ಬರೂ ಬಿದ್ದರು. ಅವನಿಗೆ ಮೊಣಕೈ ತರಚಿತು, ಅವಳಿಗೆ ಬಲ ಮೊಣಕಾಲು. ತರಚಿದ್ದು ವಾಸಿಯಾಯಿತು, ಮಂಡಿಯ ಮೇಲಿನ ಊತ ಇಳಿಯಲಿಲ್ಲ. ಉಳುಕಿರಬೇಕೆಂದು ಮೂರು ಸಲ ನಾಟಿ ಕಟ್ಟು ಕಟ್ಟಿಸಿದರು. ಆಮೇಲೆ ಎಕ್ಸ್‌ರೇ, ಆಮೇಲೆ ಬೆಂಗಳೂರು. ಮೂಳೆಯ ಕ್ಯಾನ್ಸರ್ ಎಂದರು. ಬಿದ್ದದ್ದರಿಂದ ಇದು ಬರುವುದಿಲ್ಲ, ಮೊದಲೇ ಒಳಗಿತ್ತು, ಬಿದ್ದದ್ದರಿಂದ ನಿಮ್ಮ ಕಣ್ಣಿಗೆ ಬಿತ್ತು ಅಷ್ಟೇ ಎಂದು ಅಲ್ಲಿಯ ಡಾಕ್ಟರು ಎರಡೆರಡು ಸಲ ಬಿಡಿಸಿ ಹೇಳಿದರು. ಡಾಕ್ಟರು ಹೇಳಿದ ತಕ್ಷಣ ನಂಬುವ ಜನವೇ ನಾವು? ಹದಿನಾಲ್ಕು ತುಂಬಿದ ಮಗು ಕಾರ್ತಿಕದಲ್ಲಿ ತೀರಿಕೊಂಡಾಗ, ಗಂಗರತ್ನಮ್ಮನ ಅಕ್ಕ ಚಿಕ್ಕಗಂಗಮ್ಮ ಹೆಣದ ಮುಂದೆ ಎದೆ ಬಡಿದುಕೊಂಡು, ಆ ದರಿದ್ರ ಬಾಕ್ಸಿಗೋಸ್ಕರ ಮಗೂನ ಬೀಳಿಸಿ ಸಾಯಿಸಿದನಲ್ಲಾ ಎಂದು ಅತ್ತಳು. ಯಾರೂ ಅವಳ ಬಾಯಿ ಮುಚ್ಚಿಸಲಿಲ್ಲ.

ಗಂಗರತ್ನಮ್ಮನಿಗೆ ಅದು ಕೇಳಿಸಿರಲಾರದು. ಆದರೆ ತುಟಿ ನೋಡಿ ಮಾತು ಓದುವುದನ್ನು ಅವಳು ಕಲಿತಿದ್ದಳು, ಅಕ್ಕನ ತುಟಿಯನ್ನು ನೋಡುತ್ತಲೂ ಇದ್ದಳು. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಆಮೇಲೆ ಮನೆಯಲ್ಲಿ ಮಾತೇ ನಿಂತಿತು. ಮುದ್ದೆ ಬಡಿಸುವಳು, ನೀರಿಡುವಳು, ಗಂಡನ ಮುಖ ನೋಡುತ್ತಿರಲಿಲ್ಲ. ನೋಡದಿದ್ದರೆ ತುಟಿ ಓದುವುದಾದರೂ ಹೇಗೆ? ಅವಳು ಕೇಳಿಸದೆ ಸುಮ್ಮನಿದ್ದಾಳೋ ಕೇಳಿಸಿಯೂ ಸುಮ್ಮನಿದ್ದಾಳೋ ಆಂಜಿನಪ್ಪನಿಗೆ ತಿಳಿಯುತ್ತಿರಲಿಲ್ಲ. ತಾನೇ ಕೊಂದೆನೆಂದು ಊರವರೆಲ್ಲರಿಗಿಂತ ಹೆಚ್ಚಾಗಿ ಅವನೇ ನಂಬಿದ್ದ. ಮೊಪೆಡ್ ಮಾರಿದ. ಬಾಕ್ಸ್ ಕೇಳಿಕೊಂಡು ಬಂದವರನ್ನು ಇಂದು ನಾಳೆ ಎಂದು ಸಾಗಹಾಕಿದ. ಒಂದು ವರ್ಷಕ್ಕೂ ಮಿಕ್ಕಿ ಹೀಗೇ ಹೋಯಿತು.

ಒಂದು ದಿನ ಬೆಳಗ್ಗೆ ಅವರೇಕಾಯಿ ಸುಲಿಯುತ್ತಾ ಕೂತಿದ್ದವಳು ಇದ್ದಕ್ಕಿದ್ದಂತೆ ಬಾಯಿ ತೆರೆದಳು.

"ಅವ್ಳ ದನಿ ಹೆಂಗಿತ್ತು?"

ಆಂಜಿನಪ್ಪ ತಡವರಿಸಿದ. ಚೆನ್ನಾಗಿತ್ತು ಎಂದ. ಅವಳು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ಮಗಳ ದನಿಯನ್ನು ತಾನು ಸರಿಯಾಗಿ ಕೇಳಿದ್ದು ಅವಳು ಎರಡನೇ ಕ್ಲಾಸಿನಲ್ಲಿದ್ದಾಗ, ಆಮೇಲೆ ಬರೀ ತುಟಿ ನೋಡಿದ್ದು, ಈಗ ಆ ಎರಡನೇ ಕ್ಲಾಸಿನ ದನಿಯೂ ಮರೆತುಹೋಗಿದೆ ಎಂದಳು. ಇಷ್ಟು ಮಾತು ಅವಳ ಬಾಯಿಂದ ಬಂದದ್ದು ಕಾರ್ತಿಕದ ನಂತರ ಅದೇ ಮೊದಲು. ಮಗಳ ಸದ್ದನ್ನು ಒಂದೇ ಒಂದು ಸಲ ಇವಳಿಗೆ ಮುಟ್ಟಿಸಿಬಿಟ್ಟರೆ, ಇವಳು ಇನ್ನೊಂದು ಸಲ ತನ್ನ ಮುಖ ನೋಡಿಯಾಳು ಎಂಬ ಆಸೆ ಅವನಿಗೆ ಅಲ್ಲೇ ಹುಟ್ಟಿತು.

ಸದ್ದು ಅವನ ಹತ್ತಿರ ಇತ್ತು. ಚಂದನಳ ಶಾಲೆಯ ಸ್ಕೂಲ್ ಡೇಗೆ ಸೌಂಡ್ ಸೆಟ್ ಹಾಕಿದ್ದವನು ಅವನೇ, ಡಿಸೆಂಬರಿನಲ್ಲಿ. ಚಂದನ ಸ್ವಾಗತ ಭಾಷಣ ಮಾಡಿದ್ದಳು, ಕಾರ್ಯಕ್ರಮ ಪೂರ್ತಿ ಪೆನ್‌ಡ್ರೈವಿನಲ್ಲಿತ್ತು. ಶೆಡ್ಡಿನಲ್ಲಿ ಅರ್ಧಕ್ಕೆ ನಿಂತಿದ್ದ ಹನ್ನೆರಡು ಇಂಚಿನ ಬಾಕ್ಸೊಂದಕ್ಕೆ ಅದನ್ನು ಜೋಡಿಸಿ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿ ಭಾಷಣದ ಭಾಗವನ್ನಷ್ಟೇ ಹಾಕಿದ. ಅವಳಿಗೆ ಏನೂ ಕೇಳಿಸಲಿಲ್ಲ. ಆ ಎಳೆ ದನಿಯಲ್ಲಿ ದಪ್ಪವೆಂಬುದೇ ಇರಲಿಲ್ಲ, ಬಾಕ್ಸ್ ತಾನೇ ಏನು ಮಾಡೀತು? ಆಮೇಲೆ ಅವನೊಂದು ತಪ್ಪು ಮಾಡಿದ. ದನಿಯನ್ನು ದಪ್ಪ ಮಾಡುವ ಆಪ್ ಒಂದನ್ನು ಮೊಬೈಲಿಗೆ ಹಾಕಿಕೊಂಡು, ಮಗಳ ಮಾತನ್ನು ಎಳೆದೆಳೆದು ಕೆಳಕ್ಕಿಳಿಸಿದ. ಈ ಸಲ ಗಂಗರತ್ನಮ್ಮನಿಗೆ ಕೇಳಿಸಿತು. ಅವಳ ಮುಖ ಅರಳಿ, ಹಾಗೇ ಬಾಡಿತು.

"ಯಾರ್ರೀ ಈ ಗಂಡ್ಸು?" ಎಂದಳು.

ಆಂಜಿನಪ್ಪ ಆಪನ್ನು ಅಳಿಸಿಹಾಕಿದ. ಎರಡು ದಿನ ಅವನಿಗೆ ಊಟ ಸೇರಲಿಲ್ಲ. ಮಗಳನ್ನು ಇನ್ನೊಂದು ಸಲ ಬೀಳಿಸಿದಂತೆ ಅನಿಸಿತು.

ದಾರಿ ತೋರಿಸಿದ್ದು ಕಿವಿಯಲ್ಲ, ಕಣ್ಣು. ಮೂರನೆಯ ದಿನ ಬಾಕ್ಸನ್ನು ಬಿಚ್ಚಿಹಾಕೋಣವೆಂದು ಅಂಗಾತ ಮಲಗಿಸಿದ್ದ. ಅಭ್ಯಾಸಬಲಕ್ಕೆ ಬಟ್ಟಲಿಗೆ ಒಂದು ಚಿಟಿಕೆ ರಾಗಿ ಉದುರಿಸಿದ. ಬಿಚ್ಚುವ ಮುಂಚೆ ಮಗಳ ಮಾತನ್ನು, ಈ ಸಲ ಸ್ವಲ್ಪ ಹಿಂದಿನಿಂದಲೇ, ತನಗಾಗಿ ಒಂದು ಸಲ ಹಾಕಿಕೊಂಡ. ಅವಳು ಮಾತು ಶುರುಮಾಡುವ ಮುಂಚೆಯೇ ಕಾಳು ಎಗರಿದವು. ಒಂದು, ಎರಡು, ಮೂರು, ಬಿಟ್ಟು ಬಿಟ್ಟು ಹನ್ನೊಂದು ಸಲ. ಆಮೇಲೆ ಮಾನ್ಯ ಅಧ್ಯಕ್ಷರೇ ಎಂಬ ಎಳೆ ದನಿ. ಮಾತು ಮುಗಿದ ಮೇಲೆ ಮತ್ತೆ ಹನ್ನೊಂದು ಸಲ.

ಅವು ಹೆಜ್ಜೆಗಳು. ಅವನಿಗೆ ಆ ದಿನ ಪೂರ್ತಿ ನೆನಪಾಯಿತು. ಸ್ಟೇಜಿಗೆ ಡ್ರಮ್ಮುಗಳ ಮೇಲೆ ಹಲಗೆ ಹಾಸಿದ್ದರು, ಹಲಗೆಯ ಮೇಲೇ ಮೈಕಿನ ಸ್ಟ್ಯಾಂಡು. ಹಾಗಿದ್ದಾಗ ಕೆಳಗಿನ ದಪ್ಪ ಸದ್ದನ್ನು ಕತ್ತರಿಸುವ ಗುಂಡಿಯನ್ನು ಮಿಕ್ಸರಿನಲ್ಲಿ ಒತ್ತಬೇಕು, ಇಲ್ಲದಿದ್ದರೆ ನಡೆದದ್ದೆಲ್ಲ ಮೈಕಿಗೆ ಹತ್ತುತ್ತದೆ. ಮಗಳು ಸ್ಟೇಜ್ ಹತ್ತುತ್ತಾಳೆಂಬ ಸಂಭ್ರಮದಲ್ಲಿ ಅವನು ಗುಂಡಿ ಒತ್ತುವುದನ್ನೇ ಮರೆತಿದ್ದ. ಏನ್ರೀ ಇದು ದನ ಓಡಾಡಿದಂಗೆ ಎಂದು ಹೆಡ್‌ಮಾಸ್ಟರು ಎಲ್ಲರೆದುರಿಗೆ ರೇಗಿದ್ದರು. ಆ ಮರೆವಿನಿಂದಲೇ ಮಗಳ ನಡಿಗೆ ಉಳಿದುಕೊಂಡಿತ್ತು.

ಈಗ ಅವನು ಹಾಡಿಗಾಗಿ ಅಲ್ಲ, ಆ ಹನ್ನೊಂದು ಹೆಜ್ಜೆಗಾಗಿ ಬಾಕ್ಸ್ ಕಟ್ಟಲು ಕೂತ. ಇದ್ದ ಗೊಟ್ಟ ಉದ್ದವಾಗಿತ್ತು, ಡ್ರೈವರುಗಳು ಕೇಳುವ ಆಳದ ಗುಮ್ಮಿಗೆ ಕೊಯ್ದದ್ದು. ಅದರಲ್ಲಿ ಹೆಜ್ಜೆಗಳು ಒಂದಕ್ಕೊಂದು ಅಂಟಿಕೊಂಡು ಗುಡುಗಿದಂತೆ ಕೇಳುತ್ತಿದ್ದವು. ಹಲಗೆಯ ಸದ್ದು ಅದಕ್ಕಿಂತ ಮೇಲಿತ್ತು. ಹೊಸ ಪೈಪು ತಂದು, ಉಗುರಗಲ ಕೊಯ್ದು, ರಾಗಿ ಹಾಕಿ ನೋಡಿ, ಇನ್ನೊಂದು ಉಗುರಗಲ ಕೊಯ್ದು, ಆರು ದಿನ ಅದೇ ಕೆಲಸ. ಹೆಜ್ಜೆ ಬೀಳುವ ಸದ್ದಿಗೇ ಕಾಳು ನಿಲ್ಲುವವರೆಗೆ ಕೊಯ್ದ. ಆಮೇಲೂ ಹೆಜ್ಜೆಗೆ ಬಾಲ ಉಳಿಯುತ್ತಿತ್ತು, ಹಳೆಯ ದಿಂಬಿನ ಹತ್ತಿ ಬಿಡಿಸಿ ಪೆಟ್ಟಿಗೆಯ ಒಳಗೋಡೆಗಳಿಗೆ ಅಂಟಿಸಿದ ಮೇಲೆ ಅದೂ ಹೋಯಿತು. ಗೊಟ್ಟದ ಜಾಗವನ್ನು ಎರಡು ಸಲ ಬದಲಾಯಿಸಿದ. ಮೊದಲು ಹಿಂದೆ ಇತ್ತು, ಗೋಡೆ ಪಕ್ಕ ಕೂರುವ ಅವಳ ಕೈಗೆ ಅದು ಎಟುಕುತ್ತಿರಲಿಲ್ಲ. ಮುಂದೆ ಮೇಲ್ಗಡೆ ಇಟ್ಟ, ಚಾಪೆಯ ಮೇಲೆ ಕೂತವಳ ಕೈಗೆ ಎತ್ತರವಾಯಿತು. ಕೊನೆಗೆ ಮುಂದುಗಡೆ ಕೆಳಗೆ, ಕೂತವಳು ಕೈ ಚಾಚಿದರೆ ಅಂಗೈ ಸರಿಯಾಗಿ ಗೊಟ್ಟದ ಬಾಯಿಗೆ ಬರುವ ಕಡೆ ಕೂರಿಸಿದ. ಹೀಗೆ ಯಾರ ಮೈಯ ಅಳತೆಗೂ ಅವನು ಬಾಕ್ಸ್ ಮಾಡಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಕರೆಂಟ್ ಬಂತು. ಗಂಗರತ್ನಮ್ಮ ಮನಸ್ಸಿಲ್ಲದ ಮನಸ್ಸಿನಿಂದ ಬಂದು ಕೂತಳು. ಗಂಡಸಿನ ದನಿ ಇನ್ನೂ ಅವಳ ತಲೆಯಲ್ಲಿತ್ತು. ಅವಳ ಕೈಹಿಡಿದು ಗೊಟ್ಟದ ಬಾಯಿಗೆ ಇಡಿಸಿ ಅವನು ಹಾಕಿದ. ಮೊದಲ ಹೆಜ್ಜೆಗೆ ಅವಳು ಕೈ ಎಳೆದುಕೊಂಡಳು. ಮತ್ತೆ ಇಟ್ಟಳು. ಗಾಳಿ ಅಂಗೈಗೆ ತಟ್ಟುತ್ತಿತ್ತು, ಸದ್ದು ಕಿವಿಗೂ ತಾಕುತ್ತಿತ್ತು. ಎಡಗೈ ಬೆರಳುಗಳನ್ನು ಮಡಿಸುತ್ತಾ ಎಣಿಸಿದಳು.

"ಯಾರು ನಡೀತಿರೋದು?"

"ಚಂದನ ಕಣೇ. ಸ್ಕೂಲ್ ಡೇ ದಿನ. ಸ್ಟೇಜ್ ಮೇಲೆ."

ಅವಳು ಅಳುತ್ತಾಳೆಂದು ಅವನು ಕಾದಿದ್ದ. ಅವಳು ಅಳಲಿಲ್ಲ. ಇನ್ನೊಂದು ಸಲ ಎಂದಳು, ಮತ್ತೊಂದು ಸಲ ಎಂದಳು. ಆ ಸಂಜೆ ಎಷ್ಟೋ ದಿನದ ಮೇಲೆ ಅವನ ಎದುರಿಗೆ ಕೂತು ಕಾಫಿ ಕುಡಿದಳು, ಸ್ಟೇಜಿನ ಮೇಲೆ ಚಂದನ ಯಾವ ಬಟ್ಟೆ ಹಾಕಿದ್ದಳೆಂದು ಅವನ ತುಟಿ ನೋಡಿ ಕೇಳಿದಳು. ಹಸಿರು ಲಂಗ ಎಂದು ಹೇಳಿ ಅವನು ಹಿತ್ತಿಲಿಗೆ ಹೋಗಿ ಕಣ್ಣೊರೆಸಿಕೊಂಡ. ಮೂರು ದಿನ ಮೂರು ಗಂಟೆಗೆ ಸರಿಯಾಗಿ ಅವಳೇ ಬಂದು ಚಾಪೆ ಹಾಸಿದಳು. ಆಂಜಿನಪ್ಪ ಕನ್ನಡಿ ನೋಡಿಕೊಂಡು ಗಡ್ಡ ಬೋಳಿಸಿಕೊಂಡ, ಚನ್ನರಾಯಪ್ಪನಿಗೆ ಫೋನು ಮಾಡಿ ಬಾಕ್ಸ್ ಹೇಗಿದೆ ಎಂದು ವಿಚಾರಿಸಿದ. ಮನೆ ಮತ್ತೆ ಮನೆಯಾಗುತ್ತಿದೆ ಎಂದುಕೊಂಡ.

ನಾಲ್ಕನೆಯ ದಿನ ಅವಳು ಹೆಜ್ಜೆಯ ನಡುವೆಯೇ ಕೈ ತೆಗೆದು, ಬೇರೆ ಮಕ್ಕಳದ್ದು ಇದೆಯೇ ಎಂದು ಕೇಳಿದಳು. ಚಂದನಳಿಗಿಂತ ಮೊದಲು ಪ್ರಾರ್ಥನೆ ಹೇಳಲು ಬಂದಿದ್ದವಳು ಅವಳದೇ ಕ್ಲಾಸಿನ ದಿವ್ಯ. ಅದನ್ನು ಹಾಕಿದ. ಗಂಗರತ್ನಮ್ಮ ಕಣ್ಣು ಮುಚ್ಚಿ ಕೇಳಿ, ಇದು ಸರಿಯಾಗಿದೆ ಎಂದಳು. ಮತ್ತೆ ಚಂದನಳದ್ದು ಹಾಕಿಸಿದಳು. ಆಮೇಲೆ ಅಂಗೈಯಿಂದ ನೆಲಕ್ಕೆ ಬಡಿದು ತೋರಿಸಿದಳು. ಒಂದು ಗಟ್ಟಿ, ಒಂದು ಮೆತ್ತಗೆ. ಒಂದು ಗಟ್ಟಿ, ಒಂದು ಮೆತ್ತಗೆ.

ಹಲಗೆ ಏರುಪೇರಾಗಿತ್ತು ಎಂದು ಹೇಳಲು ಹೊರಟ ಆಂಜಿನಪ್ಪ ಬಾಯಿ ಮುಚ್ಚಿಕೊಂಡ. ಅದೇ ಹಲಗೆಯ ಮೇಲೆ ದಿವ್ಯಳೂ ನಡೆದಿದ್ದಳು. ಇಪ್ಪತ್ತು ವರ್ಷ ಸದ್ದನ್ನೇ ಉಂಡು ಬದುಕಿದವನ ಕಿವಿಗೆ ಈಗ ಅದು ಕೇಳಿಸಿತು. ಮಗಳು ಬಲಗಾಲನ್ನು ಊರದೆ, ಊರಿದಂತೆ ಮಾಡಿ ನಡೆಯುತ್ತಿದ್ದಳು.

"ಸ್ಕೂಲ್ ಡೇ ಆಗಿದ್ದು ಯಾವಾಗ?"

"ಡಿಸೆಂಬರಲ್ಲಿ."

"ನೀವು ಗಾಡೀಲಿ ಬಿದ್ದಿದ್ದು?"

"ಸಂಕ್ರಾಂತಿ ಆದ್ಮೇಲೆ."

ಅವಳು ಅವನ ಮುಖವನ್ನೇ ನೋಡಿದಳು. ಅವನು ಬಯಸಿದ್ದು ಅದನ್ನೇ, ಈಗ ಅದನ್ನು ತಡೆದುಕೊಳ್ಳುವುದು ಕಷ್ಟವಾಯಿತು.

"ನೀವು ಬೀಳ್ಸಿದ್ದಕ್ಕೆ ಬಂದಿದ್ದಲ್ಲ ಕಣ್ರಿ. ಆವಾಗ್ಲೇ ನೋಯ್ತಿತ್ತು ಅವ್ಳಿಗೆ."

ಆಂಜಿನಪ್ಪನಿಗೆ ಅಳು ಬಂತು, ಜೋರಾಗಿಯೇ ಅತ್ತ. ಅಳುವಿನ ಜೊತೆ ಹಗುರವೂ ಆಯಿತು, ಸುಳ್ಳೇಕೆ ಹೇಳಬೇಕು. ಡಾಕ್ಟರು ಬಿಡಿಸಿ ಹೇಳಿದರೂ ಇಳಿಯದಿದ್ದ ಭಾರ ಅವಳ ಒಂದು ಮಾತಿಗೆ ಇಳಿಯಿತು. ಮಗಳು ಸತ್ತ ಮೇಲೂ ತನಗೆ ಇಷ್ಟು ಹಗುರವಾಗಬಹುದೇ ಎಂದು ನಾಚಿಕೆಯೂ ಆಯಿತು. ಮೂಗು ಒರೆಸಿಕೊಂಡು ನೋಡಿದರೆ ಗಂಗರತ್ನಮ್ಮ ಅಳುತ್ತಿರಲಿಲ್ಲ. ಹಾಡೂ ಇಲ್ಲದ, ಹೆಜ್ಜೆಯೂ ಇಲ್ಲದ ಗೊಟ್ಟದ ಬಾಯಿಗೆ ಅಂಗೈ ಒತ್ತಿಕೊಂಡು ಕೂತಿದ್ದಳು. ಅವಳಿಗೂ ಏನಾದರೂ ಸಮಾಧಾನ ಹೇಳಬೇಕೆನಿಸಿತು ಅವನಿಗೆ. ಹತ್ತಿರ ಸರಿದು, ತನ್ನ ದಪ್ಪ ದನಿಯಲ್ಲಿ, ಅವಳಿಗೆ ತಲುಪುವಷ್ಟು ಒತ್ತಿ ಹೇಳಿದ.

"ಯಾರ್ಗೂ ಗೊತ್ತಾಗ್ಲಿಲ್ಲ ಬಿಡೇ. ಅವ್ಳು ಯಾರ್ಗೂ ಹೇಳ್ಲಿಲ್ವಲ್ಲ."

ಅವಳಿಗೆ ಅದು ಚೆನ್ನಾಗಿಯೇ ಕೇಳಿಸಿತು.

"ನಿಮ್ಗೆ ಹೇಳಿರಲ್ಲ. ನಂಗೆ ಹೇಳಿರ್ತಾಳೆ ಕಣ್ರಿ. ನಂಗೆ ಕೇಳ್ಸಿರಲ್ಲ."